ನೂರ ನಲವತ್ತೆರಡು ಸೇರು ರಾಗಿ

ತಾಲ್ಲೂಕು ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತ ಕಾದವನಿಗೆ ಒಂದೂವರೆ ವರ್ಷದ ಮೊಮ್ಮಗಳನ್ನು ಕಾಯುವುದು ಯಾವ ಘನಕಾರ್ಯ ಎಂದು ನಾನು ತಿಳಿದಿದ್ದೆ. ಎರಡಕ್ಕೂ ಇರುವ ವ್ಯತ್ಯಾಸ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೇ ಮನದಟ್ಟಾಯಿತು. ಕಡತ ಇಟ್ಟಲ್ಲಿ ಇರುತ್ತದೆ.

ಸಂದರ್ಭ ಹೀಗಿತ್ತು. ನನ್ನ ಮಗಳು ಶ್ರೀರಾಂಪುರದ ಆಸ್ಪತ್ರೆಯಲ್ಲಿ ನರ್ಸ್. ಗುತ್ತಿಗೆಯ ನೌಕರಿ. ಹೊಳಲ್ಕೆರೆಯ ನಮ್ಮ ಮನೆಯಿಂದ ಹೊಸದುರ್ಗಕ್ಕೊಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಅಳಿಯನಿಗೆ ಹಿರಿಯೂರಿನಲ್ಲಿ ಕೆಲಸ, ಭಾನುವಾರ ಮಾತ್ರ ದರ್ಶನ. ಕೂಸನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡಿದ್ದ ನನ್ನ ಹೆಂಡತಿ, ಮಗಳ ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಹಿತ್ತಿಲ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು. ಹೊಣೆ ನನ್ನ ಮೇಲೆ ಬಿತ್ತು.

ಮಗಳು ಭಾನುವಾರ ಸಂಜೆ ನನ್ನ ಮುಂದೆ ಕೂತು ಷರತ್ತು ಹೇಳಿದಳು.

"ಅಪ್ಪಾಜಿ, ಇನ್ನೊಂದ್ ಸಲ ರಜ ಕೇಳಿದ್ರೆ ನನ್ನ ಜಾಗಕ್ಕೆ ಬ್ಯಾರೆಯವ್ರನ್ನ ತಗಂತಾರೆ. ಆರು ದಿನ ನೋಡ್ತೀನಿ. ನಿಮ್ ಕೈಲಿ ಆದ್ರೆ ಆಯ್ತು. ಇಲ್ಲಾಂದ್ರೆ ಕೆಲ್ಸ ಬಿಟ್ಟೆ ಅಂತ ಬರ್ದು ಕೊಟ್ಟು ಬರ್ತೀನಿ."

"ನೋಡ್ಕಂತೀನಿ ಹೋಗಮ್ಮ. ಏನ್ ಹುಲೀನಾ ಅದು?"

"ಮೊಬೈಲ್ ಮಾತ್ರ ಕೊಡಂಗಿಲ್ಲ. ಕಣ್ಣಿಗೂ ಬೀಳಂಗಿಲ್ಲ."

"ಬೀಳಲ್ಲ."

ಒಳಗಿನಿಂದ ನನ್ನ ಹೆಂಡತಿಯ ಷರಾ ಬಂತು: "ಅವರ್ನೇ ನೋಡ್ಕಳಾಕೆ ಒಬ್ರು ಬೇಕು."

ಮಗಳು ಈ ನೌಕರಿಗಾಗಿ ಎಷ್ಟು ಓಡಾಡಿದ್ದಳೆಂದು ನನಗೆ ಗೊತ್ತಿತ್ತು. ಅದು ನನ್ನ ಕೈಯಿಂದ ಹೋಗಬಾರದು. ಆದ್ದರಿಂದ ಸೋಮವಾರ ಬೆಳಿಗ್ಗೆ ಮೊಬೈಲನ್ನು ನಡುಮನೆಯ ಬೀರುವಿನ ನೆತ್ತಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ ಅಧಿಕಾರ ವಹಿಸಿಕೊಂಡೆ.

ಅಳಿಯ ತಂದುಕೊಟ್ಟಿದ್ದ, ಕೀಲಿ ಕೊಟ್ಟರೆ ಕುಣಿಯುವ ಕರಡಿ ಹತ್ತು ನಿಮಿಷದಲ್ಲಿ ನಿವೃತ್ತವಾಯಿತು. ಕೂಸಿಗೆ ಬೇಕಾದದ್ದು ಆಟದ ಸಾಮಾನಲ್ಲ, ಮನೆಯ ಸಾಮಾನು. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಗಳು ಒಂದು ಗಂಟೆ ಬಂದವು. ಈರುಳ್ಳಿಯನ್ನು ಈ ಬುಟ್ಟಿಯಿಂದ ಆ ಬುಟ್ಟಿಗೆ, ಆ ಬುಟ್ಟಿಯಿಂದ ಈ ಬುಟ್ಟಿಗೆ ವರ್ಗಾಯಿಸುವ ಕೆಲಸವನ್ನು ಅವಳು ಮಾಡುವುದನ್ನು ಕಂಡಾಗ, ನಾನು ಸೇವೆ ಸಲ್ಲಿಸಿದ ಇಲಾಖೆಯೇ ನೆನಪಾಯಿತು. ಒದ್ದೆ ಬಟ್ಟೆ ಕೊಟ್ಟರೆ ಗೋಡೆ ಒರೆಸುವಳು. ಎಲ್ಲಕ್ಕಿಂತ ಹೆಚ್ಚಿಗೆ ಇಷ್ಟವಾದದ್ದು ಚಿಲಕ. ಉಗ್ರಾಣ ಎಂದು ನಾವು ಗೌರವದಿಂದ ಕರೆಯುವ ಕತ್ತಲೆ ಕೋಣೆಯ ಬಾಗಿಲನ್ನು ಬೆಕ್ಕು ತಲೆಯಿಂದ ತಳ್ಳಿ ತೆರೆಯುತ್ತದೆಂದು ನನ್ನ ಹೆಂಡತಿ ಮೊಣಕಾಲೆತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿದ್ದಳು. ಅದನ್ನು ಸರಿಸಿ 'ಟಕ್' ಅನ್ನಿಸುವುದನ್ನು ಕೂಸಿಗೆ ಕಲಿಸಿದವನು ನಾನೇ. ಹಾಕುವುದು ಬಂತು. ತೆಗೆಯುವ ಪಾಠಕ್ಕೆ ನಾವಿನ್ನೂ ಬಂದಿರಲಿಲ್ಲ.

ಮೂರನೇ ದಿನ ನನಗೆ ದೊಡ್ಡದೊಂದು ಉಪಾಯ ಸಿಕ್ಕಿತು: ರಾಗಿ ಅಳೆಯುವುದು. ನಮ್ಮ ಹಿರಿಯರು ತಾಳ್ಯದ ಕಡೆಯವರು. ಅಲ್ಲಿ ಒಂದು ತುಂಡು ಹೊಲ ಇನ್ನೂ ಇದೆ, ವರ್ಷಕ್ಕೆ ಒಂದು ಚೀಲ ರಾಗಿ ಮನೆಗೆ ಬರುತ್ತದೆ. ಕಣದಲ್ಲಿ ನಮ್ಮಪ್ಪ ಅಳೆಯುತ್ತಿದ್ದ ಧಾಟಿಯಲ್ಲೇ ನಾನೂ ಸೇರು ತುಂಬಿ ಸುರಿದು ರಾಗ ಎಳೆದೆ. ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. "ಲಾಭಾ… ಲಾಭ, ಎರಡೇ… ಎರಡು." ಮುಂದಿನ ಸೇರು ಬೀಳುವವರೆಗೆ ಅದೇ ಎಣಿಕೆಯನ್ನು ಹೇಳುತ್ತಿರಬೇಕು. ನಡುವೆ ಬೇರೆ ಮಾತಿಲ್ಲ. ಅಳೆಯುವವನು ಮಾತಾಡಬಾರದು, ಅವನನ್ನು ಯಾರೂ ಮಾತಾಡಿಸಲೂಬಾರದು. ಮಾತಾಡಿದರೆ ರಾಶಿಯ ಹುಲುಸು ಹೋಗುತ್ತದೆ. ಕೂಸು ಬಾಯಿ ತೆರೆದುಕೊಂಡು ಕೇಳಿತು. ರಾಗ ನಡೆಯುವಷ್ಟು ಹೊತ್ತೂ ಕೂತಲ್ಲಿಂದ ಅಲ್ಲಾಡಲಿಲ್ಲ. ರಾಗ ನಿಲ್ಲಿಸಿದ ಮರುಗಳಿಗೆ ಎದ್ದು ಹೊರಟಿತು. ಇದು ತಿಳಿದ ಮೇಲೆ ನನಗೆ ಸ್ವಲ್ಪ ಅಹಂಕಾರ ಬಂದದ್ದನ್ನು ಮುಚ್ಚಿಡುವುದಿಲ್ಲ.

ಐದನೇ ದಿನ ಶುಕ್ರವಾರ. ಮುರಿದ ಕೈಯನ್ನು ಡಾಕ್ಟರಿಗೆ ತೋರಿಸಲು ನನ್ನ ಹೆಂಡತಿ ತನ್ನ ತಂಗಿಯ ಜೊತೆ ಚಿತ್ರದುರ್ಗಕ್ಕೆ ಹೋದಳು. ಮನೆಯಲ್ಲಿ ನಾನು ಮತ್ತು ಕೂಸು. ಹನ್ನೊಂದರ ಸುಮಾರಿಗೆ ಸೇರು ತರಲೆಂದು ಉಗ್ರಾಣದೊಳಗೆ ಹೋದೆ. ಬಾಗಿಲು ಹಿಂದೆ ಮುಚ್ಚಿಕೊಂಡಿತು.

ಟಕ್.

ಹೊರಗೆ ಕೂಸು ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಿತು.

ತಳ್ಳಿದೆ, ಎಳೆದೆ. ನಮ್ಮಪ್ಪನ ಕಾಲದ ಬಾಗಿಲು, ನನ್ನಂಥವನಿಗೆ ಬಗ್ಗುವಂಥದ್ದಲ್ಲ. ಮೊಬೈಲು ಆಚೆ ಬೀರುವಿನ ನೆತ್ತಿಯ ಮೇಲಿತ್ತು. ಉಗ್ರಾಣಕ್ಕೆ ಹಿತ್ತಿಲ ಕಡೆ ಸರಳಿನ ಸಣ್ಣ ಕಿಟಕಿಯಿದೆ. ಅಲ್ಲಿ ನಿಂತು "ಯಾರಿದೀರ್ರೀ?" ಎಂದು ಕೂಗಿದೆ. ಹಿಂದಿನ ಬೀದಿಯ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕೇಳಿದ್ದು ಒಬ್ಬರಿಗೆ ಮಾತ್ರ. ತಾತ ಹಿತ್ತಿಲಲ್ಲಿದ್ದಾನೆಂದು ತಿಳಿದು ಕೂಸು ಆ ಕಡೆಗೆ ಹೊರಟಿತು. ಬರಿಗಾಲಿನ ಪಟಪಟ ಸದ್ದು ಬಾಗಿಲಿನಿಂದ ದೂರವಾಯಿತು.

ಹಿತ್ತಿಲಿಗೆ ಹೋಗುವ ದಾರಿಯಲ್ಲಿ ಬಚ್ಚಲು. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅಂದು ಬೆಳಿಗ್ಗೆ ಬಂದಿತ್ತು. ಬಚ್ಚಲಿನ ತೊಟ್ಟಿ, ಕೂಸಿನ ಎದೆಯೆತ್ತರದ್ದು, ಅಂಚಿನವರೆಗೆ ತುಂಬಿತ್ತು. ಮುಚ್ಚಿರಲಿಲ್ಲ.

ಈ ಗಳಿಗೆಯ ಬಗ್ಗೆ ತಮಾಷೆ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ.

ಕಿಟಕಿ ಬಿಟ್ಟು ಬಾಗಿಲಿಗೆ ಬಂದು ನೆಲಕ್ಕೆ ಕೂತೆ. ಕೈಗೆ ಸಿಕ್ಕ ಸೇರನ್ನು ಅಲ್ಲೇ ಇದ್ದ ರಾಗಿ ಚೀಲಕ್ಕೆ ಅದ್ದಿ ಖಾಲಿ ಡ್ರಮ್ಮಿಗೆ ಸುರಿದೆ. "ಲಾಭಾ… ಲಾಭಾ…" ರಾಗಿ ತಗಡಿನ ಮೇಲೆ ಸರ್ರನೆ ಬಿತ್ತು. "ಎರಡೇ… ಎರಡು." ಪಟಪಟ ನಿಂತಿತು. "ಮೂರೇ… ಮೂರು." ಪಟಪಟ ತಿರುಗಿತು, ಹತ್ತಿರವಾಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಪುಟ್ಟ ಬೆರಳು ಕಂಡವು. ನಾನು ನಾಲ್ಕು ಎಂದೆ.

ಇನ್ನು ನಿಲ್ಲಿಸುವಂತಿರಲಿಲ್ಲ. ಯಾರಾದರೂ ಬರುವವರೆಗೆ ಅಳೆಯಬೇಕು. ಚೀಲ ಮುಗಿದರೆ ಡ್ರಮ್ಮಿನಿಂದ ಚೀಲಕ್ಕೆ, ಅದು ಮುಗಿದರೆ ಮತ್ತೆ ಡ್ರಮ್ಮಿಗೆ. ಸಂದಿಯಿಂದ ಒಂದು ಮರದ ಸೌಟು ತಳ್ಳಿದೆ. ಕೂಸು ಅದರಿಂದ ಸೇರಿಗೊಂದರಂತೆ ಬಾಗಿಲು ಬಡಿಯಿತು. ಆ ಡಬ್ ಎಂಬ ಸದ್ದೇ ನನಗೆ ಹಾಜರಿ. ಮೂವತ್ತರವರೆಗೆ ಸೊಗಸಾಗಿ ನಡೆಯಿತು. ನಲವತ್ತರ ಹೊತ್ತಿಗೆ ಡಬ್ ನಿಂತಿತು.

ಸಂದಿಗೆ ಕಣ್ಣಿಟ್ಟೆ, ಬೆರಳಿಲ್ಲ. ಬಾಯಿ ತೆರೆದು ಕೇಳುತ್ತ ಕೂತಿರಬೇಕು ಎಂದುಕೊಂಡೆ. ಹಾಗಲ್ಲದಿದ್ದರೆ? ಹಾಗಲ್ಲದಿದ್ದರೂ ಮಾಡಲು ಇದ್ದದ್ದು ಇದೊಂದೇ. ಎಲ್ಲಿದ್ದರೂ ಕೇಳಿಸಲಿ ಎಂದು ಧ್ವನಿ ಏರಿಸಿದೆ. ಐವತ್ತು, ಎಪ್ಪತ್ತು, ತೊಂಬತ್ತು. ಭುಜ ಕಿತ್ತುಬಂತು. ಮೂಗಿನ ತುಂಬ ರಾಗಿಯ ದೂಳು. ನೂರು ದಾಟಿದಾಗ ಮನೆದೇವರಿಗೆ ಹರಕೆ ಹೊರಬೇಕೆನ್ನಿಸಿತು. ಎಣಿಕೆಯ ನಡುವೆ ಅದಕ್ಕೂ ಬಿಡುವಿರಲಿಲ್ಲ. ನೂರ ನಲವತ್ತೆರಡಕ್ಕೆ ಉಗುಳು ನುಂಗಲು ನಿಲ್ಲಿಸಿದೆ.

ಬಾಗಿಲಾಚೆಯಿಂದ ಒಂದು ಧ್ವನಿ ಬಂತು. ಪಕ್ಕದ ಮನೆಯ ಮುದುಕಿಯದು; ಅವಳ ಮಕ್ಕಳು ಕುರಿ ಮೇಯಿಸುವವರು.

"ಯಜಮಾನ್ರೇ, ನಡುವೆ ಬಾಯಿ ಹಾಕ್ತೀನಿ, ತಪ್ಪು ತಿಳ್ಕಬ್ಯಾಡ್ರಿ. ಈ ಸಲ ನಿಮ್ ಹೊಲ್ದಾಗೆ ಇಷ್ಟೊಂದ್ ರಾಗಿ ಆತೇನ್ರಿ?"

"ಯಕ್ಕಾ! ಕೂಸೆಲ್ಲಿ?"

"ನನ್ ತೊಡೆ ಮ್ಯಾಲೆ ಮಲಗೈತೆ. ಮೊರ ಕೇಳಾನ ಅಂತ ಬಂದೆ. ಅಳೆಯೋರ್ನ ಮಾತಾಡಿಸಬಾರ್ದಲ್ಲ, ಸುಮ್ಕೆ ಕುಂತೆ."

"ಯಾವಾಗ ಬಂದ್ರಿ?"

"ನೀವು ಮೂವತ್ತೆಂಟು ಅಂತಿದ್ರಿ."

"ಹೊರಗಿಂದ ಚಿಲಕ ಬಿದ್ದೈತೆ, ನೋಡ್ಲಿಲ್ವೇನ್ರಿ?"

"ನೋಡ್ದೆ. ಕಚೇರಿಯೋರ ಮನೆ ಪದ್ಧತಿ ಏನೋ ಅನ್ಕಂಡೆ."

ಚಿಲಕ ತೆಗೆದಳು. ನಾನು ಹೊರಗೆ ಬಂದು ಕೂಸನ್ನು ನೋಡಿದೆ. ಸೌಟನ್ನು ಎದೆಗವುಚಿಕೊಂಡು ನಿದ್ದೆ ಹೋಗಿತ್ತು. ಅಲ್ಲೇ ಗೋಡೆಗೊರಗಿ ಕುಳಿತೆ. ಮುದುಕಿ ನನ್ನ ಮುಖ ನೋಡಿ, "ನೀರು ಕುಡೀರಿ ಮೊದ್ಲು" ಎಂದಳು.

ಯಾರಿಗೂ ಹೇಳಬೇಡಿರೆಂದು ಕೇಳಿಕೊಂಡೆ. "ನಾನ್ಯಾಕ್ ಹೇಳ್ಲಿ?" ಎಂದು ಮೊರ ತೆಗೆದುಕೊಂಡು ಹೋದಳು. ನಾಲ್ಕು ಗಂಟೆಗೆ ಗಿರಣಿಯವನು ಹಾದುಹೋಗುತ್ತ, "ಸಾರ್, ಬೀಸಾಕೆ ಎಷ್ಟು ಚೀಲ ಕಳಿಸ್ತೀರಿ?" ಎಂದು ವಿಚಾರಿಸಿದ.

ಚಿತ್ರದುರ್ಗದಿಂದ ಹಿಂದಿರುಗಿದ ನನ್ನ ಹೆಂಡತಿ ಎಲ್ಲ ಕೇಳಿ, ಪ್ಲಾಸ್ಟರ್ ಇಲ್ಲದ ಕೈಯನ್ನು ಹಣೆಗೆ ಹಚ್ಚಿಕೊಂಡಳು. "ಮಗಳಿಗೆ ಹೇಳಬ್ಯಾಡ್ರಿ. ಹೇಳಿದ್ರೆ ನಾಳೇನೇ ಬರ್ದು ಕೊಡ್ತಾಳೆ." ಅದು ನಿಜ. ಆದರೆ ಮುಚ್ಚದ ತೊಟ್ಟಿಯನ್ನು ಮುಚ್ಚಿಟ್ಟು ಕೂಸನ್ನು ಕಾಯುವುದು ನನ್ನ ಕೈಲಾಗದ ಕೆಲಸ. ಮಗಳು ಬಂದು ಕೈಕಾಲು ತೊಳೆದ ಮೇಲೆ, ಮೇಲಧಿಕಾರಿಗೆ ಸಮಜಾಯಿಷಿ ಕೊಡುವವನಂತೆ ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದೆ.

ಅವಳು ಎದ್ದು ಬಚ್ಚಲಿಗೆ ಹೋದಳು. ತೊಟ್ಟಿಗೆ ಕೈ ಅದ್ದಿ ಆಳ ನೋಡಿದಳು. ಬಂದು ಕೇಳಿದಳು:

"ಕೂಗೋದ್ ಬಿಟ್ಟು ಅಳೆಯಾಕೆ ಯಾಕ್ ಕುಂತ್ರಿ?"

"ಕೂಗಿದ್ರೆ ನನ್ನ ಹುಡುಕ್ಕಂಡು ಆ ಕಡೆ ಹೋಗ್ತಿತ್ತು. ಅಳೆದ್ರೆ ಈ ಕಡೆ ಬರ್ತಿತ್ತು."

"ಬರ್ದೇ ಹೋಗಿದ್ರೆ?"

"ಅದಕ್ಕೆ ನನ್ ಹತ್ರ ಉಪಾಯ ಇರ್ಲಿಲ್ಲಮ್ಮ" ಎಂದೆ.

ಶನಿವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತೊಟ್ಟಿಯ ಮೇಲೆ ಹಳೆಯ ಹಲಗೆ, ಹಲಗೆಯ ಮೇಲೆ ರುಬ್ಬುವ ಗುಂಡು ಕೂತಿದ್ದವು. ಮಗಳು ಸೀರೆ ಉಟ್ಟು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು. ರಾಜೀನಾಮೆಗೋ ಡ್ಯೂಟಿಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಕೂಸನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು.

"ಹನ್ನೆರಡಕ್ಕೆ ಮೊಸರನ್ನ. ಆ ಅಜ್ಜಿಗೆ ಹೇಳಿದೀನಿ, ಆಗಾಗ ಬಂದು ಹೋಗ್ತಾರೆ. ಈ ಸಲ ಬಾಯಿಬಿಟ್ಟು ಕರೀತಾರೆ. ಸೋಮವಾರದಿಂದ ನಂಗೆ ಬೆಳಿಗ್ಗೆ ಪಾಳಿ, ಬೇಗ ಏಳ್ಬೇಕು ನೀವು."

"ಏಳ್ತೀನಮ್ಮ" ಎಂದೆ.

ಹೊಸದುರ್ಗದ ಬಸ್ಸಿಗೆ ತಡವಾಗಿತ್ತು, ಓಡಿದಳು. ಅವಳು ಬೀದಿ ತಿರುಗಿದ ಕೂಡಲೇ ಕೂಸು ಅಳಲು ಶುರುಮಾಡಿತು. ನಾನು ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಬುಟ್ಟಿ ತಂದು ಮುಂದಿಟ್ಟೆ. ಒಂದನ್ನು ನನ್ನ ಬನಿಯನ್ನಿಗೆ ಸಿಕ್ಕಿಸಿ ತೋರಿಸಿದೆ. ಕೂಸು ಅಳು ನಿಲ್ಲಿಸಿ, ಒಂದು ಕ್ಲಿಪ್ಪು ಎತ್ತಿಕೊಂಡು, ನನ್ನ ಮೈಮೇಲೆ ಖಾಲಿ ಜಾಗ ಹುಡುಕತೊಡಗಿತು.