ಬೋರ್ಡಿನ ಕೆಳಗೊಂದು ಕನ್ನಡ ಸಾಲು

ಅಗಸಿ ಎಣ್ಣೆಯಲ್ಲಿ ಕಲಸಿದ ಬಣ್ಣದ ವಾಸನೆ ಎಂದರೆ ನನಗೆ ಜೂನ್ ತಿಂಗಳು. ಗದಗಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕರಿಹಲಗೆಗೂ ಕಿಟಕಿಯ ಸರಳುಗಳಿಗೂ ಹೊಸ ಬಣ್ಣ ಬಳಿಯುತ್ತಿದ್ದರು. ಮೊದಲ ವಾರವಿಡೀ ನಮ್ಮ ಲಂಗದ ಅಂಚು, ಜಡೆಯ ರಿಬ್ಬನ್, ಬುತ್ತಿಯ ಅವಲಕ್ಕಿ ಎಲ್ಲಕ್ಕೂ ಆ ವಾಸನೆ. ಎಷ್ಟೋ ವರ್ಷಗಳ ಮೇಲೆ ಅದು ಮತ್ತೆ ಮೂಗಿಗೆ ಬಡಿದದ್ದು ಗೋವಾದ ಫಾತೋರ್ಡಾದಲ್ಲಿ, ಬೆಳಗಿನ ಐದೂವರೆಗೆ, ಬೋರ್ಡು ಬರೆಯುವವರೊಬ್ಬರ ಬಗ್ಗೆ ಬರೆಯಲು ಹೋಗಿದ್ದ ತಗಡಿನ ಮನೆಯ ಅಂಗಳದಲ್ಲಿ.

ಎರಡು ಖಾಲಿ ಡ್ರಮ್ಮಿನ ಮೇಲೆ ನಾಲ್ಕಡಿ ಉದ್ದದ ಬೋರ್ಡು ಮಲಗಿದೆ. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ದಾರದ ಒಂದು ತುದಿ ಪೇಂಟರ್ ರಾಜಮಹ್ಮದರ ಕೈಯಲ್ಲಿ, ಇನ್ನೊಂದು ತುದಿ ಹೆಂಡತಿ ಖಾತುನ ಅವರ ಕೈಯಲ್ಲಿ. ದಾರವನ್ನು ಬಿಗಿಯಾಗಿ ಎಳೆದು ನಡುವೆ ಎತ್ತಿ ಬಿಟ್ಟರೆ ಬೋರ್ಡಿನ ಮೇಲೆ ನೇರವಾದ ನೀಲಿ ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಅಕ್ಷರಗಳು ಕೂರಬೇಕು.

"ಬಿಗೀ ಹಿಡಿ," ಎನ್ನುತ್ತಾರೆ ರಾಜಮಹ್ಮದ.

"ನಾ ಹಿಡದೇನಿ. ನೀವು ಮೊದಲ ಕಣ್ಣ ತೆರೀರಿ," ಎನ್ನುತ್ತಾರೆ ಖಾತುನ.

ಗೆರೆ ಬಿದ್ದ ಮೇಲೆ ಅವರು ಗೋಡೆಯ ಮೊಳೆಯಿಂದ ಒಂದು ತಗಡಿನ ತುಂಡು ಇಳಿಸುತ್ತಾರೆ. ಡಾಲ್ಡಾ ಡಬ್ಬಿಯನ್ನು ಬಡಿದು ಚಪ್ಪಟೆ ಮಾಡಿ, ಅದರಲ್ಲಿ ಎಸ್, ಯು, ಬಿ ಎಂಬ ಮೂರು ಇಂಗ್ಲಿಷ್ ಅಕ್ಷರ ಕೊರೆದ ಅಚ್ಚು. ಅದನ್ನು ಬೋರ್ಡಿನ ಎಡತುದಿಗಿಟ್ಟು ಬಣ್ಣ ಒತ್ತುತ್ತಾರೆ. ಉಳಿದ ಅಕ್ಷರಗಳನ್ನು ಕೈಯಿಂದಲೇ ಬರೆಯುತ್ತಾರೆ. ಏಳು ಗಂಟೆಯೊಳಗೆ 'ಸಬ್ ಪೋಸ್ಟ್ ಆಫೀಸ್' ಸಿದ್ಧ.

ಐವತ್ತೆರಡು ವರ್ಷದ ರಾಜಮಹ್ಮದರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹುನಗುಂದ ತಾಲೂಕಿನ ಹಳ್ಳಿಯಲ್ಲಿ ಕನ್ನಡ ನಾಲ್ಕನೇ ಇಯತ್ತೆ ಓದಿದವರು. ಎಪ್ಪತ್ತೊಂಬತ್ತರಲ್ಲಿ ಮಡಗಾಂವಿಗೆ ಬಂದು ಎರಡು ವರ್ಷ ಗಾರೆ ಕಲಸಿದರು. ಸಿಮೆಂಟು ತಿಂದು ಅಂಗೈ ಬಿರಿದಾಗ, ಮಾರ್ಕೆಟ್ಟಿನ ಹಿಂದಿದ್ದ ಒಬ್ಬ ಮುದುಕ ಪೇಂಟರ್ ಕೈಗೆ ತೆಂಗಿನೆಣ್ಣೆ ಹಚ್ಚಿ, ನಾಳೆಯಿಂದ ನನ್ನ ಹತ್ತಿರ ಬಾ ಎಂದನಂತೆ. "ಅವರು ಕೊಂಕಣ್ಯಾಗ ಮಾತಾಡವ್ರು, ನಾ ಕನ್ನಡದಾಗ. ಬ್ರಷ್ ಹಿಡಿಯೂದಕ್ಕ ಭಾಷಾ ಯಾಕ ಬೇಕ್ರಿ?" ಎನ್ನುತ್ತಾರೆ. ಅವರ ಮಟ್ಟಿಗೆ ಇಂಗ್ಲಿಷಿನ ಪದವೆಂದರೆ ಒಂದು ಚಿತ್ರ. ಯಾವುದು ಎಷ್ಟು ಗೇಣು ಹಿಡಿಯುತ್ತದೆ ಎಂಬುದಷ್ಟೇ ಲೆಕ್ಕ. ದಿನಕ್ಕೆ ನಲವತ್ತು ದೊಡ್ಡ ಅಕ್ಷರ, ಹನ್ನೊಂದು ಬ್ರಷ್ಷು, ಹನ್ನೆರಡು ಮೈಲಿ ಸೈಕಲ್ಲು.

ಎಂಬತ್ತನಾಲ್ಕರಲ್ಲಿ ಒಂದೇ ತಿಂಗಳಲ್ಲಿ ಐದು ಬೋರ್ಡುಗಳು ಅದೇ ಮೂರು ಅಕ್ಷರಗಳಿಂದ ಶುರುವಾದವು. ಕೆಲಸ ಬೇಗ ಆಗಲೆಂದು ಅಚ್ಚು ಕೊರೆದರು. ಆಮೇಲೆ ಕುತೂಹಲ ಹುಟ್ಟಿತು. ಬೋರ್ಡು ಕೊಡಲು ಹೋದಲ್ಲೆಲ್ಲ, ಇದರ ಅರ್ಥವೇನು ಎಂದು ಕೇಳತೊಡಗಿದರು. ಸಬ್ ಪೋಸ್ಟ್ ಆಫೀಸು ದೊಡ್ಡ ಪೋಸ್ಟಿನ ಕೈಕೆಳಗಿನದು. ಸಬ್ ರಿಜಿಸ್ಟ್ರಾರ್ ಸಾಹೇಬರ ಮೇಲೆ ಇನ್ನೊಬ್ಬ ಸಾಹೇಬರು. ಸಬ್ ಕಾಂಟ್ರ್ಯಾಕ್ಟರ್ ದೊಡ್ಡ ಕಾಂಟ್ರ್ಯಾಕ್ಟರನ ಕೆಳಗೆ. "ಮೂರು ಅಕ್ಷರ ಬಂದಲ್ಲೆ ಮ್ಯಾಲೊಬ್ಬ ದೊಡ್ಡಾವ ಕುಂತಿರ್ತಾನ, ಇಲ್ಲಾ ಏನರ ತಳಗ ಹೋಗಿರ್ತೈತಿ. ಇದು ನನಗ ನಾನ ಹುಡಕಿದ್ದು, ಬಾಯಾರ."

ಹಳೆಯ ಡೈರಿಯೊಂದರಲ್ಲಿ ಇಂಥ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದು ಎದುರಿಗೆ ಅರ್ಥ ಬರೆದಿದ್ದಾರೆ. ಸಬ್‌ವೇ: ನೆಲದ ತಳಗಿನ ದಾರಿ, ಮುಂಬಯಿದಾಗ ತಮ್ಮ ನಡದಾಡ್ಯಾನ. ಸಬ್‌ಸ್ಟ್ಯಾಂಡರ್ಡ್: ಮಟ್ಟಕ್ಕಿಂತ ಕಡಿಮೀದು. ಇದನ್ನು ಅವರು ಬರೆದದ್ದು ತಿರಸ್ಕರಿಸಿದ ಇಟ್ಟಿಗೆಯ ರಾಶಿಗೆ ನೆಡುವ ಬೋರ್ಡಿನ ಮೇಲೆ. ಸಬ್‌ಮಿಟ್ ಎಂಬುದಕ್ಕೆ 'ಅರ್ಜಿ ಕೊಡೂದು' ಎಂದು ಬರೆದು, ಮುಂದೆ ತಾವೇ 'ತಲಿ ತಗ್ಗಿಸಿ' ಎಂದು ಸೇರಿಸಿದ್ದಾರೆ. ಸಬ್‌ಮರೀನ್ ಎಂದರೆ ನೀರೊಳಗೆ ಹೋಗುವ ಹಡಗು ಎಂದು ವಾಸ್ಕೋದಲ್ಲಿ ಒಬ್ಬ ನಾವಿಕ ಹೇಳಿದನಂತೆ. "ಬ್ಯಾರೆ ಹಡಗ ಮುಳುಗಿದ್ರ ಮಂದಿ ಅಳತಾರ. ಇದು ಮುಳುಗಿದ್ರ ಪಗಾರ ಕೊಡತಾರಂತ್ರಿ!" ಎಂದು ಹೇಳಿ ತಾವೇ ನಗುತ್ತಾರೆ.

ಒಂದು ಪುಟದಲ್ಲಿ ಮಾತ್ರ ಅರ್ಥದ ಜಾಗ ಖಾಲಿ ಇದೆ. ಅಲ್ಲಿರುವ ಪದ ಸಬ್ಜೆಕ್ಟ್. "ರಾಜನ ತಳಗ ಇರಾವ ಪ್ರಜಾ ಅಂದ್ರು ಒಬ್ಬ ಟೀಚರ. ಅದು ಖರೇ. ಸಾಲ್ಯಾಗಿನ ಗಣಿತಕ್ಕೂ ಸಬ್ಜೆಕ್ಟ್ ಅಂತಾರಲ್ಲ, ಅದು ಯಾರ ತಳಗ ಐತಿ? ನೀವು ಕಾಲೇಜ ಕಲ್ತವ್ರು, ಹೇಳ್ರಿ." ನಾನು ಪುಟವನ್ನು ಹತ್ತಿರ ಎಳೆದು ಆ ಪದವನ್ನು ಎರಡು ಸಲ ಓದಿದೆ. ಅವರು ಬೇಸರಿಸದೆ ಡೈರಿ ಮುಚ್ಚಿ ನನಗೆ ಇನ್ನರ್ಧ ಕಪ್ಪು ಚಹಾ ಬಗ್ಗಿಸಿದರು.

ಅರ್ಥ ತಿಳಿದು ಸುಮ್ಮನಿರುವ ಜೀವ ಅವರದ್ದಲ್ಲ. ಫಾತೋರ್ಡಾದ ವಿದ್ಯುತ್ ಸಬ್ ಸ್ಟೇಷನ್ನಿನ ತಂತಿ ಬೇಲಿಯ ಮೇಲೆ ಕಟ್ಟಡ ಕೆಲಸದ ಸತ್ಯವ್ವ ದಿನವೂ ಸೀರೆ ಒಣಹಾಕುತ್ತಿದ್ದರು. ಒಳಗೆ ಜನರಿಲ್ಲ, ಬಿಸಿಲು ಚೆನ್ನಾಗಿದೆ, ಇನ್ನೇನು ಬೇಕು? ಬೇಲಿಗೆ ಹೊಸ ಬೋರ್ಡು ಕಟ್ಟಲು ಹೋದ ರಾಜಮಹ್ಮದ ಅದನ್ನು ನೋಡಿ ಅಲ್ಲೇ ಕುಳಿತು, ಇಂಗ್ಲಿಷಿನ ಕೆಳಗೆ ಉಳಿದ ಬಣ್ಣದಲ್ಲಿ ಬರೆದರು: 'ಇದು ಕರೆಂಟಿನ ಮನಿ. ಬಟ್ಟಿ ಒಣಹಾಕಬ್ಯಾಡ್ರಿ.'

ಸತ್ಯವ್ವ ಈಗಲೂ ಅವರನ್ನು ಕಾಡಿಸುವುದುಂಟು. "ಊರ ಮಂದಿಗೆಲ್ಲಾ ನನ್ನ ಸೀರೀ ಸುದ್ದಿ ಬರದು ಹಾಕ್ಯಾನ ನಮ್ಮಣ್ಣ! ಆದ್ರ ನಾ ಜೀವಂತ ಅದೇನಿ, ಬೈಯಾಕರ ಅದೇನಿ."

ಅಂದಿನಿಂದ, ನಮ್ಮ ಕಡೆಯ ಜನ ಓಡಾಡುವ ಜಾಗವಾದರೆ ಬೋರ್ಡಿನ ಕೆಳಗೆ ಒಂದು ಕನ್ನಡ ಸಾಲು ಖಾಯಂ. ಯಾರೂ ಕೇಳಿದ್ದಲ್ಲ, ಯಾರೂ ಬೇಡವೆಂದದ್ದೂ ಇಲ್ಲ. ಬೇಡವೆಂದದ್ದು ಈ ವರ್ಷವೇ ಮೊದಲು.

ಸಾವರ್ಡೆಯ ಆಚೆ ಹಳ್ಳವೊಂದಕ್ಕೆ ತಗ್ಗಾದ ಸೇತುವೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ನೀರು ಅದರ ಮೇಲೆಯೇ ಹರಿಯುತ್ತದೆ. ಅದಕ್ಕಾಗಿಯೇ ಪಕ್ಕದಲ್ಲಿ ಕಟಾಂಜನವಿಲ್ಲ. ಬೋರ್ಡಿನ ಮೇಲೆ ಬರೆಯಲು ಕೊಟ್ಟ ಪದ 'ಸಬ್‌ಮರ್ಸಿಬಲ್ ಬ್ರಿಡ್ಜ್'. ರಾಜಮಹ್ಮದ ಎಂದಿನಂತೆ ಅರ್ಥ ಕೇಳಿಕೊಂಡರು. ಕೆಳಗೆ ಬರೆದರು: 'ಮಳಿಗಾಲದಾಗ ಈ ಪೂಲು ನೀರಿನ ತಳಗ ಹೋಗತೈತಿ. ಮ್ಯಾಲೆ ನೀರು ಕಂಡ್ರ ಗಾಡಿ ನಿಲ್ಲಸ್ರಿ.'

ಅಲ್ಲಿನ ಕೂಲಿಗಳ ಮುಕದ್ದಮ ಲಾಲಪ್ಪ, ರಾಜಮಹ್ಮದರನ್ನು ಹುಡುಕಿಕೊಂಡು ಮನೆಗೇ ಬಂದರು. ಸರ್ಕಾರಿ ಬೋರ್ಡಿನ ಮೇಲೆ ಸ್ವಂತದ ಮಾತು ಬರೆದರೆ ಕೆಲಸ ಪಾಸಾಗುವುದಿಲ್ಲ, ಶುಕ್ರವಾರ ಇಂಜಿನಿಯರು ನೋಡಲು ಬರುತ್ತಾರೆ, ಅಷ್ಟರೊಳಗೆ ಅಳಿಸಬೇಕು ಎಂದು ಕಾಂಟ್ರ್ಯಾಕ್ಟರು ಹೇಳಿ ಕಳಿಸಿದ್ದಾರೆ. ಅಳಿಸದಿದ್ದರೆ ಆ ರಸ್ತೆಯ ಉಳಿದ ಇಪ್ಪತ್ತೆರಡು ಬೋರ್ಡು ಬೇರೆಯವರಿಗೆ. ಮಳೆಗಾಲದ ನಾಲ್ಕು ತಿಂಗಳು ರಾಜಮಹ್ಮದರ ಮನೆ ನಡೆಯಬೇಕಾದದ್ದು ಆ ಬೋರ್ಡುಗಳಿಂದಲೇ.

"ನನ್ನ ಮೂವತ್ತು ಮಂದಿ ಹೊಟ್ಟೀ ಮ್ಯಾಲೂ ಕಾಲಿಡಬ್ಯಾಡ, ರಾಜಾಸಾಬ," ಎಂದು ಹೇಳಿದ ಲಾಲಪ್ಪ ಚಹಾವನ್ನೂ ಕುಡಿಯದೆ ಹೋದರಂತೆ. ಇಬ್ಬರದೂ ಹತ್ತು ವರ್ಷದ ಗೆಳೆತನ.

ಖಾತುನ ನನಗೆ ಮೆಲ್ಲಗೆ ಹೇಳಿದರು: "ಅಳಿಸೂದು ಒಂದ ಗಳಿಗೀ ಕೆಲಸ. ಆದ್ರ ನಾಕ ದಿನ ಆತು, ನಿದ್ದಿ ಮಾಡಿಲ್ಲ ಇವ್ರು."

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ನಾನೂ ಹೊರಡುತ್ತೇನೆ. ಹಿಂದಿನ ದಿನದಿಂದ ಮಳೆ ಹಿಡಿದಿದೆ. ರಾಜಮಹ್ಮದರ ತೊಡೆಯ ಮೇಲೆ ಬಿಳಿ ಬಣ್ಣದ ಡಬ್ಬಿ. ಕಂಡಕ್ಟರ್ ನನಗೆ ಚಿಲ್ಲರೆ ಕೊಡುತ್ತ, ಕಿಟಕಿಯ ನೀರು ಸಿಡಿಯುತ್ತದೆಂದು ತನ್ನ ಒಣ ಚೀಲವನ್ನು ನನ್ನ ಪಕ್ಕಕ್ಕೆ ತಡೆಯಾಗಿ ಇಡುತ್ತಾನೆ.

ಹಳ್ಳದ ಹತ್ತಿರ ಇಳಿದರೆ ಸೇತುವೆ ಕಾಣುವುದೇ ಇಲ್ಲ. ಕೆಂಪು ನೀರು ಈ ದಡದಿಂದ ಆ ದಡಕ್ಕೆ ಒಂದೇ ಸಮ ಹರಿಯುತ್ತಿದೆ. ಈಚೆಗೆ ನಾಲ್ಕು ಲಾರಿ ಸಾಲಾಗಿ ನಿಂತಿವೆ. ಎಲ್ಲಕ್ಕೂ ಮುಂದೆ, ಚಿರೆಕಲ್ಲು ಹೇರಿದ ಲಾರಿಯ ಡ್ರೈವರ್ ಯಮನೂರಪ್ಪ ಬೀಡಿ ಹಚ್ಚಿಕೊಂಡು ಕುಳಿತಿದ್ದಾನೆ. ರೋಣದ ಕಡೆಯವನು, ಈ ರಸ್ತೆಗೆ ಬಂದು ವಾರವಾಗಿದೆ.

ಬೋರ್ಡಿನ ಕಂಬದ ಬಳಿ ಲಾಲಪ್ಪ ನಿಂತಿದ್ದಾರೆ. ರಾಜಮಹ್ಮದರ ಮುಖ ನೋಡದೆ, "ಲಗೂನ ಬಳಿ. ಜೀಪ ಬರೂ ಹೊತ್ತಾತು," ಎನ್ನುತ್ತಾರೆ.

ರಾಜಮಹ್ಮದ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಅಷ್ಟರಲ್ಲಿ ಯಮನೂರಪ್ಪ ಕೂಗುತ್ತಾನೆ: "ಏ ಅಜ್ಜಾ, ಅದನ್ಯಾಕ ಅಳಸಾಕತ್ತಿ? ಅದನ್ನ ಓದೇ ನಾ ಬ್ರೇಕ್ ಹಾಕಿದ್ದು! ಗೇಣ ನೀರ ಇರಬೇಕು ಅಂತ ಹೊಂಟಿದ್ನೆಪಾ. ಪೂಲಿನ ಅಂಚ ಎಲ್ಲೈತಿ ಅಂತ ಯಾವನಿಗೆ ಕಾಣತೈತಿ?"

ರಾಜಮಹ್ಮದ ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದುವುದಿಲ್ಲ. ಲಾಲಪ್ಪನವರ ಕಡೆ ತಿರುಗಿ, "ಮುಕದ್ದಮ, ನನ್ನ ಕೈಲೆ ಆಗಂಗಿಲ್ಲ. ಬೇಕಾದ್ರ ನೀ ಬಳಿ," ಎಂದು ಬ್ರಷ್ಷು ಚಾಚುತ್ತಾರೆ. ಲಾಲಪ್ಪ ಬ್ರಷ್ಷನ್ನು ನೋಡುತ್ತಾರೆ, ನೀರನ್ನು ನೋಡುತ್ತಾರೆ. ಕೈ ನೀಡುವುದಿಲ್ಲ.

ಜೀಪು ಬರುತ್ತದೆ. ಕೊಡೆ ಹಿಡಿದು ಇಳಿದ ಯುವ ಇಂಜಿನಿಯರು, ಲಾರಿಗಳು ಯಾಕೆ ನಿಂತಿವೆ ಎಂದು ಹಿಂದಿಯಲ್ಲಿ ಕೇಳುತ್ತಾರೆ. ಯಮನೂರಪ್ಪ ಬೀಡಿ ಹಿಡಿದ ಕೈಯಿಂದಲೇ ಬೋರ್ಡು ತೋರಿಸುತ್ತಾನೆ. ಕೆಳಗಿನ ಸಾಲು ಏನು, ಬರೆದವರು ಯಾರು? ರಾಜಮಹ್ಮದ ಮುಂದೆ ಬಂದು ತಮ್ಮ ಮಾರ್ಕೆಟ್ ಹಿಂದಿಯಲ್ಲಿ ಹೇಳುತ್ತಾರೆ.

ಇಂಜಿನಿಯರು ಬಗ್ಗಿ ಕಂಬದ ಬುಡ ನೋಡುತ್ತಾರೆ. ಹಳ್ಳದ ನೀರು ಅಲ್ಲಿಗೂ ಬಂದಿದೆ. "ಜುಲೈನಲ್ಲಿ ಈ ಸಾಲೇ ಮುಳುಗುತ್ತದೆ. ಬೋರ್ಡನ್ನು ಎರಡಡಿ ಮೇಲಕ್ಕೆ ಕೂರಿಸಿ," ಎನ್ನುತ್ತಾರೆ. ಜೀಪಿನತ್ತ ನಡೆದವರು ತಿರುಗಿ, "ಹಾಗೇ ಹಿಂದಿಯಲ್ಲೂ ಬರೆದುಬಿಡಿ. ಕಾಂಟ್ರ್ಯಾಕ್ಟರಿಗೆ ನಾನು ಹೇಳುತ್ತೇನೆ," ಎಂದು ಸೇರಿಸುತ್ತಾರೆ.

ಯಮನೂರಪ್ಪ ಹಾರ್ನ್ ಬಾರಿಸಿ ಸಂಭ್ರಮಿಸುತ್ತಾನೆ. ಹಿಂದಿನ ಮೂರು ಲಾರಿಗಳೂ, ಯಾಕೆಂದು ತಿಳಿಯದಿದ್ದರೂ, ದನಿಗೂಡಿಸುತ್ತವೆ.

ನಿಮಗೆ ಇನ್ನೇನು ಆಸೆ ಎಂದು ಕೇಳುತ್ತೇನೆ. ರಾಜಮಹ್ಮದ ಡಬ್ಬಿಯ ಮುಚ್ಚಳ ಬಿಗಿಯುತ್ತಾರೆ. "ಹಿಂದೀ ಅಕ್ಷರಕ್ಕ ಮ್ಯಾಲೆ ಗೆರಿ ಇರ್ತೈತಲ್ರಿ. ಅದು ನನಗ ಸ್ವಲ್ಪ ಸೊಟ್ಟ ಬರತೈತಿ. ಅದೊಂದು ನೆಟ್ಟಗ ಬಂದ್ರ ಸಾಕು."

ಕೂಲಿಗಳು ಕಂಬದ ಬುಡ ಅಗೆಯತೊಡಗುತ್ತಾರೆ. ಕಂಬದಿಂದ ಬಿಚ್ಚಿದ ಬೋರ್ಡಿಗೆ ಮಣ್ಣು ತಾಗದಂತೆ ರಾಜಮಹ್ಮದ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಲಾಲಪ್ಪ ತಮ್ಮ ಬುತ್ತಿಯ ಗಂಟು ಬಿಚ್ಚುತ್ತಾರೆ. ಹತ್ತಿರ ಬಂದು, ಬೋರ್ಡಿನ ಒಂದು ತುದಿಯನ್ನು ತಮ್ಮ ಹೆಗಲಿಗೆ ಆನಿಸಿಕೊಂಡು, ಗೆಳೆಯನ ಖಾಲಿಯಾದ ಕೈಯಲ್ಲಿ ಪುಂಡಿಪಲ್ಯ ಸುತ್ತಿದ ಎರಡು ಜೋಳದ ರೊಟ್ಟಿ ಇಡುತ್ತಾರೆ.