ಬಾಗಿಲಾಚೆಯ ಗಂಟೆ

ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದೇನೆ. ನನಗೆ ಮಾತ್ರೆ ನುಂಗಲು ಬರುವುದಿಲ್ಲ. ಈ ವಯಸ್ಸಿನಲ್ಲೂ ಬರುವುದಿಲ್ಲ, ನಗಬೇಡಿ. ಅದಕ್ಕೇ ನಿನ್ನೆ ಸಂಜೆ ನನ್ನ ಮಗ ಮಾತ್ರೆ ಪುಡಿಮಾಡಿ ಬಿಸಿ ಹಾಲಿಗೆ ಹಾಕಿ, ಸ್ಟೀಲ್ ಲೋಟದಲ್ಲಿ ಚಮಚ ಆಡಿಸುತ್ತಾ ಬಾಗಿಲಲ್ಲಿ ಬಂದು ನಿಂತ. ಟಿಣ್ ಟಿಣ್. ಆ ಸದ್ದಿಗೆ ಬೆನ್ನಲ್ಲಿ ಏನೋ ತಣ್ಣಗೆ ಹರಿದುಹೋಯಿತು. ಔಷಧಿಯ ಸೈಡ್ ಎಫೆಕ್ಟ್ ಅಲ್ಲ ಕಣ್ರೀ, ಫಿಲೋಮಿನಾ ಟೀಚರ ನೆನಪು.

ತೊಂಬತ್ತರ ದಶಕದ ಆರಂಭ. ಮದುವೆಯಾಗಿ ನೈರೋಬಿಗೆ ಬಂದ ಹೊಸತು. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಕನ್ನಡದವರಿಗೆ ವರ್ಷಕ್ಕೊಂದು ನಾಟಕ ಆಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಆ ವರ್ಷ ಶೇಷಗಿರಿ ಮೇಷ್ಟ್ರು, ಮೈಸೂರಿನವರು, ಇಲ್ಲಿ ಗಣಿತದ ಲೆಕ್ಚರರ್, ಹಾಸ್ಯ ಸಾಕೆಂದು ಒಂದು ಇಂಗ್ಲಿಷ್ ಥ್ರಿಲ್ಲರನ್ನು ಕನ್ನಡಕ್ಕೆ ಇಳಿಸಿದ್ದರು. ಮಹಾಯುದ್ಧ ಮುಗಿದ ಮೇಲಿನ ಇಂಗ್ಲೆಂಡ್. ವಾಸಿಯಾಗದ ಕಾಯಿಲೆಯ ತಾಯಿ ಒಳಕೋಣೆಯಲ್ಲಿ ನರಳುತ್ತಾಳೆ. ನೋಡಲಾರದೆ ಮಗಳು ಹಾಲಿಗೆ ಮಾತ್ರೆ ಬೆರೆಸಿ ಒಳಗೆ ಹೋಗುತ್ತಾಳೆ. ಆಮೇಲೆ ಪೊಲೀಸು, ಅನುಮಾನ, ಇದು ದಯೆಯೋ ಕೊಲೆಯೋ ಎಂದು ಮನೆಮಂದಿಯ ಕಿತ್ತಾಟ. ತಾಯಿ ಮಾತ್ರ ರಂಗದ ಮೇಲೆ ಬರುವುದೇ ಇಲ್ಲ. ಮುಚ್ಚಿದ ಒಂದು ಬಾಗಿಲು, ಅದರಾಚೆಯಿಂದ ಗಂಟೆಯ ಸದ್ದು. ಹಾಲು ಒಳಗೆ ಹೋದ ಮೇಲೆ ಆ ಸದ್ದೂ ಇಲ್ಲ.

ಮಗಳ ಪಾತ್ರ ಫಿಲೋಮಿನಾ ಟೀಚರದು. ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಭೂಗೋಳ. ಮದುವೆಯಾಗಿರಲಿಲ್ಲ. ಪಾರ್ಶ್ವವಾಯು ಹೊಡೆದ ತಾಯಿಯನ್ನು ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ರಿಹರ್ಸಲ್ ಅವರ ಫ್ಲ್ಯಾಟಿನಲ್ಲೇ. ಹಾಲ್‌ಗೆ ತಾಗಿದಂತೆ ತಾಯಿಯ ಕೋಣೆ. ಆ ತಾಯಿಯ ಬಲಗೈ ಮಾತ್ರ ಆಡುತ್ತಿತ್ತು, ಆ ಕೈಯಲ್ಲೊಂದು ಹಿತ್ತಾಳೆಯ ಗಂಟೆ.

ಮೇಷ್ಟ್ರಿಗೆ ಖುಷಿಯೋ ಖುಷಿ. "ಬಾಗಿಲೂ ಇದೆ, ಗಂಟೆನೂ ಇದೆ! ಸೆಟ್ ರೆಡಿ ಕಣ್ರೀ!"

ಎಲ್ಲರೂ ನಕ್ಕೆವು. ಟೀಚರೂ ನಕ್ಕರು. ಯಾರಿಗೂ ಏನೂ ಅನ್ನಿಸಲಿಲ್ಲ ನೋಡಿ. ನಮ್ಮ ಗಮನವೆಲ್ಲ ಬಟಾಟೆ ಬೋಂಡದ ಕಡೆಗಿತ್ತು.

ಟೀಚರ ನಟನೆ ದೇವರಿಗೇ ಪ್ರೀತಿ. ಪ್ರೇಮದ ಮಾತಿಗೂ ನಕಾಶೆ ತೋರಿಸುವಂತೆ ಕೈ ಚಾಚುವರು. "ಫೀಲ್ ಬರ್ಲಿ ರೀ, ಫೀಲ್!" ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಆದರೆ ಒಂದು ಮಾತು ಬರುತ್ತಿತ್ತು: "ಸಾಕು. ಅಮ್ಮನಿಗೆ ಇನ್ನು ಸಾಕು." ಅದನ್ನು ಅವರು ಹೇಳಿದಾಗ ಬೋಂಡ ಅಗಿಯುತ್ತಿದ್ದವರೂ ನಿಲ್ಲಿಸುತ್ತಿದ್ದರು. ಹೇಳಿ, ಖಾಲಿ ಲೋಟದಲ್ಲಿ ಚಮಚ ಆಡಿಸುತ್ತಾ, ನಿಜವಾದ ಆ ಬಾಗಿಲು ತೆರೆದು, ನಿಜವಾದ ತಾಯಿಯ ಕೋಣೆಗೆ ಹೋಗಿ, ಒಂದಷ್ಟು ಹೊತ್ತು ನಿಂತು ಹೊರಬರುತ್ತಿದ್ದರು. ಒಳಗೆ ಮಾತಿಲ್ಲ. ನಾಟಕದಲ್ಲಿ ಇರಲಿಲ್ಲವಲ್ಲ. ದಿನಾ ಸಂಜೆ ಹೀಗೇ.

ನಾನು ಪ್ರಾಂಪ್ಟರ್. ಇಲ್ಲೇ ಹುಟ್ಟಿದ ಹುಡುಗರಿಗೆ ಕನ್ನಡ ಓದಲು ಬರದು, ನನಗೆ ನಟನೆ ಬರದು. ಹಾಗಾಗಿ ಸ್ಕ್ರಿಪ್ಟ್ ಹಿಡಿದು ಆ ಬಾಗಿಲ ಪಕ್ಕ ಕೂರುತ್ತಿದ್ದೆ. ಮೊದಮೊದಲು ಮುದುಕಿ ಯಾವಾಗೆಂದರೆ ಆಗ ಗಂಟೆ ಬಾರಿಸುತ್ತಿದ್ದಳು. ಬರಬರುತ್ತಾ ಗಂಟೆ ಸರಿಯಾಗಿ ನಾಟಕದ ಜಾಗದಲ್ಲೇ ಬಾರಿಸತೊಡಗಿತು. "ನಿಮಗಿಂತ ಅಜ್ಜಿಗೇ ಟೈಮಿಂಗ್ ಚೆನ್ನಾಗಿದೆ" ಎಂದು ಮೇಷ್ಟ್ರು ನಮ್ಮನ್ನು ಹಂಗಿಸಿದರು. ಹಾಲಿನ ದೃಶ್ಯ ಮುಗಿದ ಮೇಲೆ ಆ ಕೋಣೆಯಿಂದ ಕೆಮ್ಮು ಕೂಡ ಇಲ್ಲ. ಒಂದು ಸಂಜೆ ತಡೆಯಲಾರದೆ ಇಣುಕಿದೆ. ಮುದುಕಿ ಕಣ್ಣು ತೆರೆದೇ ಮಲಗಿದ್ದಳು. ಗಂಟೆ ಅಪ್ಪಿತಪ್ಪಿಯೂ ಸದ್ದು ಮಾಡದಂತೆ ಅದರ ನಾಲಗೆಯನ್ನು ಬೆರಳಲ್ಲಿ ಬಿಗಿಹಿಡಿದಿದ್ದಳು. ನನ್ನನ್ನೇ ನೋಡುತ್ತಿದ್ದಳು.

ಅಂದೇ ಟೀಚರು ನನ್ನನ್ನು ಅಡುಗೆಮನೆಗೆ ಕರೆದರು. ತಾಯಿಯನ್ನು ಅವರು ಕೊಂಕಣಿಯಲ್ಲಿ ಮಾಯ್ ಎನ್ನುತ್ತಿದ್ದರು.

"ಮಾಯ್ ನನ್ನ ಕೈಯಿಂದ ಹಾಲು ಕುಡಿಯುದಿಲ್ಲ. ಮೊನ್ನೆಯಿಂದ. ಬಾಯಿ ಗಟ್ಟಿ ಮುಚ್ಚುತ್ತಾಳೆ."

"ಅದು ನಾಟಕ ಅಂತ ಹೇಳಿ ಟೀಚರ್."

"ಹೇಳದೆ ಇರ್ತೇನಾ? ನಾಟಕ ಅಂತ ನಂಗೆ ಗೊತ್ತುಂಟು, ಆ ಒಂದು ಮಾತು ಹೇಳುವಾಗ ಮಾತ್ರ ನಿನ್ನ ಸ್ವರ ಬೇರೆ ಅಂತಾಳೆ." ಸಿಂಕಿನ ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಮೆಲ್ಲಗೆ ಅಂದರು, "ಅವಳು ಹೇಳುದು ಸುಳ್ಳಲ್ಲ."

ನಾನು ಪ್ರಾಂಪ್ಟರ್, ಬರೆದದ್ದನ್ನು ಮಾತ್ರ ಹೇಳಿಕೊಡಬಲ್ಲೆ.

ಮರುಸಂಜೆ ಮತ್ತೆ ಅದೇ ದೃಶ್ಯ. ಕರೆಂಟ್ ಹೋಗಿ ಮೇಣದಬತ್ತಿ ಹಚ್ಚಿದ್ದೆವು. ಟೀಚರು ಲೋಟ ಹಿಡಿದು ನಿಂತರು. "ಸಾಕು. ಅಮ್ಮನಿಗೆ ಇನ್ನು..."

ಗಂಟೆ ಬಾರಿಸಿತು. ಸ್ಕ್ರಿಪ್ಟಿನಲ್ಲಿ ಆ ಜಾಗದಲ್ಲಿ ಗಂಟೆ ಇರಲಿಲ್ಲ. ಬಾಗಿಲಾಚೆಯಿಂದ ತೊದಲುವ ಆದರೆ ಗಟ್ಟಿಯಾದ ದನಿ:

"ಯಾರಿಗೆ ಸಾಕು? ನನ್ನ ಹತ್ರ ಕೇಳಿದ್ಯಾ? ನಂಗೆ ಸಾಕಾಗ್ಲಿಲ್ಲ ಮಾರಾಯ್ತಿ!"

ಮೇಷ್ಟ್ರು ನನ್ನ ಕಡೆ ತಿರುಗಿದರು. "ಈ ಡೈಲಾಗ್ ಎಲ್ಲಿದೆ?" ನಾನೊಬ್ಬಳು ಪೆದ್ದಿ, ನಿಜಕ್ಕೂ ಹಾಳೆ ತಿರುವಿ ಹುಡುಕಿದೆ! ಅಷ್ಟು ಪುಟಗಳಲ್ಲಿ ಎಲ್ಲರೂ ತಾಯಿಯ ಬಗ್ಗೆ ಮಾತಾಡಿದ್ದರು. ತಾಯಿಯನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ.

ಟೀಚರು ಅಡುಗೆಮನೆಗೆ ಹೋಗಿ ನಿಜವಾದ ಹಾಲು ಬಿಸಿಮಾಡಿ ತಂದರು. ಬಾಗಿಲನ್ನು ಹಾರುಹೊಡೆದು, ತಾಯಿಗೆ ಕಾಣುವಂತೆ ಹೊಸ್ತಿಲಲ್ಲಿ ನಿಂತು, ಅರ್ಧ ಲೋಟ ತಾವೇ ಕುಡಿದರು. ಒಳಗೆ ಹೋದರು. "ಮಾಯ್, ಬೇಕಾ?" ಎಂದದ್ದು ಕೇಳಿಸಿತು. ಹೊರಗೆ ಮಟಾಟು ವ್ಯಾನಿನ ಹಾರ್ನ್, ಒಳಗೆ ನಾವೆಲ್ಲ ಬಾಗಿಲ ಕಡೆ ಕಿವಿಯಿಟ್ಟು. ಕೊನೆಗೆ ಮುದುಕಿಯ ದನಿ:

"ಸಕ್ಕರೆ ಕಡಿಮೆ."

ಆ ವರ್ಷ ನಾವು ಹಾಸ್ಯ ನಾಟಕವನ್ನೇ ಆಡಿದೆವು, ಕೆಟ್ಟದಾಗಿ ಆಡಿದೆವು. ಮುದುಕಿ ಆಮೇಲೂ ಕೆಲವು ವರ್ಷ ಬದುಕಿದಳು, ನೋವಿನಲ್ಲೇ. ಯಾವಾಗ ಹೋದರೂ ನೋಡುತ್ತಿದ್ದೆ: ಟೀಚರು ಮೊದಲ ಗುಟುಕು ತಾವು ಕುಡಿದು, ಬೇಕಾ ಎಂದು ಕೇಳಿಯೇ ಕೊಡುವರು.

ನಿನ್ನೆ ಮಗ ಲೋಟ ಚಾಚಿದ. ಬಿಳಿ ಪುಡಿ ಇನ್ನೂ ಸುತ್ತುತ್ತಿತ್ತು. ಹಾಸಿಗೆಯಿಂದ ನೋಡಿದರೆ ನಿಂತವರು ಎಷ್ಟು ಎತ್ತರ ಕಾಣುತ್ತಾರೆಂದು ಮೊದಲ ಬಾರಿ ಗೊತ್ತಾಯಿತು. ಹೆತ್ತ ಮಗನೇ ಆದರೂ.

"ಜಸ್ಟ್ ಡ್ರಿಂಕ್ ಇಟ್, ಮಾಮ್."

"ಕೇಳು," ಎಂದೆ.

"ಆಸ್ಕ್ ವಾಟ್?"

"ಬೇಕಾ ಅಂತ ಕೇಳು."

ಅಮ್ಮನಿಗೆ ಅರಿವಳಿಕೆ ಇನ್ನೂ ಇಳಿದಿಲ್ಲ ಎಂಬಂತೆ ನೋಡಿದ. ಆಮೇಲೆ ಏನನ್ನಿಸಿತೋ, ಮಂಚದ ಪಕ್ಕ ಮಂಡಿಯೂರಿ ಕೂತು ಕೇಳಿದ. ಅದೂ ಕನ್ನಡದಲ್ಲಿ.

"ಬೇಕಾ, ಅಮ್ಮ?"

"ಬೇಕು," ಎಂದೆ. ಬಾಗಿಲಾಚೆ ಯಾರಾದರೂ ಇದ್ದರೆ ಅವರಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ.