ಕುಮುದಕ್ಕ ಮಲಗಿ ನೋಡಿದ ಮಂಚ

ತೀರ್ಥಹಳ್ಳಿಯಲ್ಲಿ ತುಂಗೆಯ ಕಡೆ ಇಳಿಯುವ ರಸ್ತೆಯಲ್ಲಿ ಒಂದು ಹಳೆಯ ಛತ್ರವಿದೆ. ನೂರು ವರ್ಷ ದಾಟಿದ ಕಟ್ಟಡ. ಅಲ್ಲಿ ಯಾತ್ರಿಕರು ತಂಗುವುದು ನಿಂತು ಎಷ್ಟೋ ಕಾಲವಾಯಿತು. ಈಗ ಬಾಗಿಲ ಮೇಲೆ ‘ಬೆಳ್ಳಮ್ಮ ಫರ್ನಿಚರ್ಸ್ ಅಂಡ್ ಹೋಮ್ ಡಿಸೈನ್’ ಎಂಬ ಬೋರ್ಡು. ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಸೋಫಾ ಅಲ್ಲ, ಸೋಫಾ ಎಳೆಯುತ್ತಿರುವ ಕುಮುದಕ್ಕ. ಐವತ್ನಾಲ್ಕು ವರ್ಷದ ಹೆಂಗಸು. ನಿಂತಲ್ಲಿ ನಿಂತವಳಲ್ಲ, ಕೂತಲ್ಲಿ ಕೂತವಳಲ್ಲ. ಬೆಳಿಗ್ಗೆ ಕಿಟಕಿಯ ಪಕ್ಕ ಇದ್ದ ಊಟದ ಮೇಜು ಮಧ್ಯಾಹ್ನಕ್ಕೆ ಕಂಬದ ಹಿಂದೆ, ಸಂಜೆಗೆ ಮತ್ತೆ ಕಿಟಕಿಗೆ. “ನಮ್ಮಕ್ಕಂಗೆ ಸಂಬಳ ಬೇಡ, ಡೀಸೆಲ್ ಹಾಕಿದ್ರೆ ಸಾಕು” ಎಂದು ಅಂಗಡಿಯ ಯಜಮಾನ, ಅವಳ ತಮ್ಮ ದುರ್ಗೇಶ್, ಗಿರಾಕಿಗಳೆದುರು ನಗುತ್ತಾನೆ. ಸಂಬಳ ಕೊಟ್ಟೂ ಇಲ್ಲ ಅನ್ನಿ.

ಅಂಗಡಿ ಹಾಕಿದವನು ಅವರ ಅಪ್ಪ ಜಟ್ಟಪ್ಪ. ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾದ ಮೇಲೆ ಮದುವೆಮನೆಗಳಿಗೆ ಕುರ್ಚಿ ಬಾಡಿಗೆ ಕೊಡಲು ಶುರುಮಾಡಿ, ಆಮೇಲೆ ಈ ಛತ್ರವನ್ನು ಕೊಂಡು, ಹೆಂಡತಿಯ ಹೆಸರಿಟ್ಟು ಮಂಚ ಮಾರತೊಡಗಿದ ಮನುಷ್ಯ. ಅವನದೊಂದು ಹಟವಿತ್ತು. ಬೆಳ್ಳಮ್ಮನ ಹೆಸರಿನ ಮಂಚ ಕಿರ್ ಅನ್ನಕೂಡದು. ತಯಾರಾದ ಪ್ರತಿ ಮಂಚವೂ ಮೊದಲು ಮನೆಗೆ ಬರಬೇಕು, ಮನೆಯವರೊಬ್ಬರು ಅದರ ಮೇಲೆ ಮೂರು ರಾತ್ರಿ ಮಲಗಿ ನೋಡಬೇಕು, ಆಮೇಲೇ ಮಾರಾಟ. ಮೂರೇ ಯಾಕೆಂದರೆ ಛತ್ರದ ಗೋಡೆಯ ಮೇಲೆ ಹಾಗೆ ಬರೆದಿತ್ತು: ಯಾರೂ ಮೂರು ರಾತ್ರಿಗಿಂತ ಹೆಚ್ಚು ತಂಗುವಂತಿಲ್ಲ. ಜಟ್ಟಪ್ಪನಿಗೆ ಗೋಡೆಯ ಮೇಲೆ ಬರೆದದ್ದೆಲ್ಲ ಕಾನೂನು.

ಮಲಗಿ ನೋಡುವ ಕೆಲಸ ಕುಮುದೆಯ ಪಾಲಿಗೆ ಬಂದದ್ದು ಅವಳು ಗಂಡನ ಮನೆಯಿಂದ ತಿರುಗಿ ಬಂದ ವರ್ಷ. ಗಂಡ ಮಾಸ್ತಿಕಟ್ಟೆಯಲ್ಲಿ ಗುತ್ತಿಗೆದಾರರೊಬ್ಬರ ಬಳಿ ಲಾರಿ ಓಡಿಸುತ್ತಿದ್ದ. ಇವತ್ತು ಬರುತ್ತಾನೆ, ಈ ಗಾಡಿ ಅವನದೇ ಎಂದು ಎರಡು ವರ್ಷ ಲಾರಿಗಳ ಸದ್ದಿಗೆ ಕಿವಿಗೊಟ್ಟು ಕೂತಳು. ಕೊನೆಗೆ ಅವನು ಬೇರೆ ಊರಲ್ಲಿ ಬೇರೆ ಮನೆ ಮಾಡಿದ್ದಾನೆ ಎಂಬ ಸುದ್ದಿ ಬಂತು, ಅವನು ಬರಲಿಲ್ಲ. ಅವಳು ಟ್ರಂಕು ಹಿಡಿದು ತವರಿಗೆ ಬಂದಳು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಕುಮುದೆಗೆ ಸದ್ದಿಲ್ಲದ ಮನೆಯಲ್ಲೂ ನಿದ್ದೆಯಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸುವವಳು, ಇಲಿ ಓಡಿದರೂ ಎಷ್ಟು ದೂರ ಎಂದು ಹೇಳುವವಳು. ಮಂಚ ಪರೀಕ್ಷೆ ಮಾಡಲು ಇವಳಿಗಿಂತ ಬೇಕೆ? ಜಟ್ಟಪ್ಪ ಮಗಳ ದುಃಖವನ್ನೂ ಕೆಲಸಕ್ಕೆ ಹಚ್ಚಿದ.

ಹೀಗೆ ಮೂವತ್ತೆರಡು ವರ್ಷ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕಿನ ಮನೆಮನೆಯಲ್ಲಿ ಅವಳು ಮಲಗೆದ್ದ ಮಂಚಗಳಿವೆ. ನಾಲ್ಕನೆಯ ಬೆಳಿಗ್ಗೆ ಅವಳು “ಹೋಗ್ಲಿ” ಎಂದರೆ ಮಂಚ ಹೋಯಿತು. “ತಲೆ ಕಡೆ ಎಡಗಾಲು” ಎಂದರೆ ಬಡಗಿ ಕನ್ನಪ್ಪ ತಲೆ ಕಡೆಯ ಎಡಗಾಲನ್ನೇ ಬಿಚ್ಚುತ್ತಿದ್ದ, ತಪ್ಪು ಅಲ್ಲಿಯೇ ಇರುತ್ತಿತ್ತು. ‘ಕುಮುದಕ್ಕ ಮಲಗಿ ನೋಡಿದ್ದಾ?’ ಎಂದು ಕೇಳಿಯೇ ಜನ ಕೊಳ್ಳುತ್ತಿದ್ದರು. ಆ ಮಂಚಗಳಲ್ಲಿ ಅವಳದು ಅನ್ನುವುದು ಮಾತ್ರ ಒಂದೂ ಇರಲಿಲ್ಲ.

ಹೋದ ವರ್ಷ ಛತ್ರದ ಉಪ್ಪರಿಗೆ ರಿಪೇರಿ ಮಾಡಿಸುವಾಗ ಒಂದು ಹೊನ್ನೆ ತೊಲೆ ಇಳಿಯಿತು. ಎಪ್ಪತ್ತರ ಕನ್ನಪ್ಪ ಅದನ್ನು ಸವರಿ ಸವರಿ ನೋಡಿ, ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲದೆ, ಬರೀ ಮರದ ಬೆಣೆ ಹೊಡೆದು ಮಂಚ ಮಾಡಿದ. ದುರ್ಗೇಶನ ಮಗಳು ಕಾವ್ಯಾ, ಮನೆಗಳ ಡಿಸೈನ್ ಓದಿಕೊಂಡು ಬಂದು ಬೋರ್ಡಿಗೆ ‘ಹೋಮ್ ಡಿಸೈನ್’ ಸೇರಿಸಿದವಳು, ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದಳು. ಹೊಸನಗರದ ಮೇಷ್ಟ್ರು ಮಹಾಗಣಪತಿ ಅದೇ ದಿನ ಫೋನ್ ಮಾಡಿದರು. ಹೊಸ ಮನೆ, ಶುಕ್ರವಾರ ಗೃಹಪ್ರವೇಶ, ಉಳಿದ ಸಾಮಾನಿನ ಜೊತೆ ಆ ಮಂಚವೂ ಬೇಕು.

ಮಂಚ ಪದ್ಧತಿಯ ಪ್ರಕಾರ ಮನೆಗೆ ಬಂತು. ಮೊದಲ ರಾತ್ರಿ ಕುಮುದಕ್ಕ ಮಲಗಿದ್ದಷ್ಟೇ ಗೊತ್ತು, ಕಣ್ಣು ಬಿಟ್ಟಾಗ ಹಾಲಿನವನು ಬಂದು ಹೋಗಿದ್ದ. ಏನೋ ಕಾಯಿಲೆ ಎಂದು ಹೆದರಿ ಹಣೆ ಮುಟ್ಟಿ ನೋಡಿಕೊಂಡಳು. ಎರಡನೆಯ ರಾತ್ರಿಯೂ ಹಾಗೇ. ಮೂರನೆಯ ದಿನ ಅಂಗಡಿಯಲ್ಲಿ ಒಂದು ಸ್ಟೂಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿದ್ದಳು. ಮೂವತ್ತು ವರ್ಷ ಎದೆಯಲ್ಲಿ ಓಡುತ್ತಿದ್ದ ಲಾರಿ ನಿಂತಿತ್ತು. ಅದು ಸುಖ ಎಂದು ಅರ್ಥವಾಗುವಷ್ಟರಲ್ಲಿ, ನಾಳೆ ಮಂಚ ಹೋಗುತ್ತದೆ ಎಂಬುದೂ ನೆನಪಾಯಿತು. ಎದ್ದು ಕಪಾಟು ಎಳೆಯತೊಡಗಿದಳು.

ನಾಲ್ಕನೆಯ ಬೆಳಿಗ್ಗೆ ದುರ್ಗೇಶ್ ಶೂ ಹಾಕಿಕೊಳ್ಳುತ್ತಾ ಕೇಳಿದ. “ಅಕ್ಕ, ಮಂಚ ಹೋಗ್ಲಾ?”

“ಕಿರ್ ಅಂತದೆ” ಎಂದುಬಿಟ್ಟಳು.

“ಎಲ್ಲಿ?”

“ಕಾಲ ಕಡೆ. ಬಲಗಡೆದು.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವಳ ಲೆಕ್ಕ ಸಣ್ಣದಿತ್ತು. ಕಿರ್ ಅನ್ನುವ ಮಂಚವನ್ನು ಗೃಹಪ್ರವೇಶಕ್ಕೆ ಕಳಿಸುವುದಿಲ್ಲ, ಮೇಷ್ಟ್ರಿಗೆ ಬೇರೆಯದು ಹೋಗುತ್ತದೆ, ಮಾರಾಟಕ್ಕೆ ಬಾರದ್ದು ಮನೆಯಲ್ಲೇ ಉಳಿಯುತ್ತದೆ. ಬೇಕು ಎಂದು ಕೇಳಲು ನಾಲಿಗೆ ಏಳಲಿಲ್ಲ. ಅಂಗಡಿಯ ಮಾಲು ಮನೆಯವರಿಗಲ್ಲ ಎಂದು ಜಟ್ಟಪ್ಪ ಸಾಯುವವರೆಗೂ ಹೇಳಿದ್ದ, ಅದರ ಮೇಲೆ ಅವಳು ತವರಿನ ಅನ್ನ ಉಣ್ಣುವವಳು. ಈ ಲೆಕ್ಕದಲ್ಲಿ ಅವಳು ಮರೆತದ್ದು ಕನ್ನಪ್ಪನನ್ನು.

ಕನ್ನಪ್ಪ ಮಂಚವನ್ನು ಛತ್ರದ ಹಿಂದಿನ ಅಂಗಳಕ್ಕೆ ತರಿಸಿದ. ಕಾಲ ಕಡೆಯ ಬಲಗಾಲು ಬಿಚ್ಚಿದ, ಏನೂ ಇಲ್ಲ. ಎಡಗಾಲು ಬಿಚ್ಚಿದ. ಊಟಕ್ಕೂ ಏಳದೆ ಪೂರ್ತಿ ಮಂಚವನ್ನೇ ಬಿಚ್ಚಿ ಹಾಸಿಕೊಂಡು, ಒಂದೊಂದೇ ಬೆಣೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದ. ಒಳಗಿನಿಂದ ಕುಮುದಕ್ಕ ಕೊಡತಿಯ ಪೆಟ್ಟು ಎಣಿಸುತ್ತಿದ್ದಳು. ಒಂದು ಸಲ ಬಾಗಿಲವರೆಗೆ ಹೋಗಿ ಬಂದಳು, ಇನ್ನೊಂದು ಸಲ ನೀರು ಕೊಡುವ ನೆಪದಲ್ಲಿ ಹೋಗಿ ನೀರು ಕೊಡದೆಯೇ ಬಂದಳು.

“ಅತ್ತೆ, ಆ ಕಪಾಟು ಇವತ್ತು ನಾಲ್ಕನೇ ಸಲ ಜಾಗ ಬದಲಾಯ್ಸಿದ್ದು. ಹುಷಾರಿದೀರಾ?” ಎಂದಳು ಕಾವ್ಯಾ.

“ಬೆಳಕು ಸರಿ ಇಲ್ಲ ಇಲ್ಲಿ” ಎಂದಳು ಕುಮುದಕ್ಕ.

ಮೂರು ಗಂಟೆಯ ಹೊತ್ತಿಗೆ ಕನ್ನಪ್ಪ ಉಳಿ, ಬಾಚಿಗಳನ್ನು ಚೀಲಕ್ಕೆ ತುಂಬಿಕೊಂಡು ಒಳಗೆ ಬಂದ. ಕಣ್ಣು ಕೆಂಪಾಗಿತ್ತು.

“ದುರ್ಗೇಶಣ್ಣ, ಇನ್ನು ನಾ ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕಳಿ.”

“ಎಂತ ಆಯ್ತು ಮಾರಾಯ?”

“ಕುಮುದಮ್ಮನ ಕಿವಿ ಇಷ್ಟು ವರ್ಷದಲ್ಲಿ ಒಂದಿನ ತಪ್ಪಿದ್ದಿಲ್ಲ. ಅವ್ರಿಗೆ ಕೇಳಿದ್ದು ನಂಗೆ ಸಿಗ್ತಿಲ್ಲ ಅಂದ್ರೆ ನನ್ ಕೈ ಮುಗೀತು ಅಂತಲೇ ಲೆಕ್ಕ.”

ಕುಮುದಕ್ಕನ ಲೆಕ್ಕ ತಲೆಕೆಳಗಾಯಿತು. ತನ್ನ ಆಸೆ ಸಣ್ಣದು, ಮುದುಕನ ಎಪ್ಪತ್ತು ವರ್ಷ ದೊಡ್ಡದು. ಕಪಾಟು ಬಿಟ್ಟು ಬಂದು ಅವನ ಚೀಲ ಹಿಡಿದುಕೊಂಡಳು.

“ಕನ್ನಪ್ಪಣ್ಣ, ಅದು ಕಿರ್ ಅನ್ಲಿಲ್ಲ. ನಾ ಸುಳ್ಳು ಹೇಳ್ದೆ.”

ಕನ್ನಪ್ಪನಿಗೆ ಅರ್ಥವಾಗಲಿಲ್ಲ. ದುರ್ಗೇಶನಿಗೆ ಅರ್ಥವಾಗಿ ಸಿಟ್ಟು ನೆತ್ತಿಗೇರಿತು. “ತಲೆ ಕೆಟ್ಟಿದ್ಯಾ ಅಕ್ಕ ನಿಂಗೆ? ನಿನ್ನ ಮಾತಿನ ಮೇಲೆ ಅಂಗಡಿ ನಿಂತಿರೋದು! ಎಂತಕ್ಕೆ ಹೇಳ್ದೆ?”

“ನಂಗೆ ಬೇಕಿತ್ತು. ಅದರ ಮೇಲೆ ನಿದ್ದೆ ಬಂತು.”

ದುರ್ಗೇಶನ ದನಿ ಇಳಿಯಿತು. “ಬೇಕು ಅಂತ ಕೇಳಿದ್ರೆ ನಾ ಕೊಡ್ತಿರ್ಲಿಲ್ವಾ?”

“ನೀ ಕೊಡ್ತಿದ್ದೆ. ಎಲ್ಲಿ ಹಾಕ್ತಿದ್ದೆ?”

ದುರ್ಗೇಶ್ ಆರು ವರ್ಷದ ಹಿಂದೆ ಕಟ್ಟಿಸಿದ ಮನೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದ. ತನಗೊಂದು ಕೋಣೆ, ಕಾವ್ಯಾಗೊಂದು, ದೇವರಿಗೊಂದು, ಆಫೀಸು ಕೆಲಸಕ್ಕೊಂದು, ಬಂದವರಿಗೊಂದು. ಅಕ್ಕ ಮಲಗುತ್ತಿದ್ದದ್ದು ಹಾಲ್‌ನಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಮುಂಬಾಗಿಲಿಗೆ ಹತ್ತಿರ, ಮಂಚ ಒಳಗೆ ತರಲು ಹೊರಗೆ ಒಯ್ಯಲು ಸಲೀಸಾಗುವಂತೆ.

“ಗೆಸ್ಟ್ ರೂಮಲ್ಲಿ ಹಾಕಿದ್ರಾಯ್ತು” ಎಂದ ಕೊನೆಗೆ.

“ಮೂವತ್ತೆರಡು ವರ್ಷ ಆದ್ಮೇಲೂ ನಾ ಗೆಸ್ಟಾ ದುರ್ಗ?”

ಕಾವ್ಯಾ ಮುಖ ಮುಚ್ಚಿಕೊಂಡಳು. ಆ ಮನೆಯ ನಕ್ಷೆ ಅವಳು ಓದುವಾಗ ಬರೆದ ಮೊದಲ ನಕ್ಷೆ. ಶೂ ಇಡುವ ಜಾಗವನ್ನೂ ಅಳೆದು ಗುರುತು ಹಾಕಿದ್ದಳು, ಅತ್ತೆಯನ್ನು ಎಲ್ಲೂ ಹಾಕಿರಲಿಲ್ಲ. “ಅಪ್ಪ, ನಿಮ್ಮ ಆಫೀಸ್ ರೂಮ್ ಖಾಲಿ ಮಾಡೋಣ” ಎಂದಳು. ದುರ್ಗೇಶ್ ಹೂಂ ಅಂದ. ಇನ್ನೇನನ್ನುತ್ತಾನೆ, ತಪ್ಪನ್ನು ಜಟ್ಟಪ್ಪನ ಮೇಲೆ ಹಾಕಲು ಈಗ ಜಟ್ಟಪ್ಪ ಇರಲಿಲ್ಲ.

ಕನ್ನಪ್ಪ ಚೀಲವನ್ನು ಅವಳ ಕೈಯಿಂದ ಬಿಡಿಸಿಕೊಂಡು, “ನಿದ್ದೆ ಬಂತಾ? ಪೂರ್ತಿ ರಾತ್ರಿ?” ಎಂದು ಎರಡು ಸಲ ಕೇಳಿ, ಮಂಚ ಜೋಡಿಸಲು ಹಿತ್ತಲಿಗೆ ನಡೆದ.

ಮೇಷ್ಟ್ರಿಗೆ ಏನು ಹೇಳುವುದು ಎಂದು ದುರ್ಗೇಶ್ ಫೋನು ಹಿಡಿದು ತಡಕಾಡುತ್ತಿದ್ದ. ಕಿರ್ ಅನ್ನುತ್ತದೆ ಎಂದೇ ಹೇಳಿಬಿಡಲೇ ಎಂದು ಅಕ್ಕನ ಮುಖ ನೋಡಿದ. ಕುಮುದಕ್ಕ ಫೋನು ಕಿತ್ತುಕೊಂಡಳು.

“ಮೇಷ್ಟ್ರೇ, ನಾನು ಕುಮುದಾ. ಹೊನ್ನೆ ಮಂಚ ಬಹಳ ಚೆನ್ನಾಗಿದೆ. ಒಂಚೂರು ಸದ್ದಿಲ್ಲ. ಆದ್ರೆ ಕೊಡಲ್ಲ. ಅದು ನಂದು.”

ಮಹಾಗಣಪತಿ ಮೇಷ್ಟ್ರು ಸುಮ್ಮನಿರುವವರಲ್ಲ. ಶುಕ್ರವಾರಕ್ಕೆ ಮೂರು ದಿನ ಇರುವಾಗ ಹೀಗೆ ಹೇಳುವುದೇ, ನಿಮ್ಮ ಅಂಗಡಿಗೆ ಮಾತು ಅನ್ನುವುದಿಲ್ಲವೇ, ನಂಟರಿಗೆಲ್ಲ ಫೋಟೋ ತೋರಿಸಿಯಾಗಿದೆ ಎಂದು ಹತ್ತು ನಿಮಿಷ ಬೈದರು. ಅಂಗಡಿಯ ಪರವಾಗಿ ಅವಳು ಎಷ್ಟೋ ಜನರಿಂದ ಬೈಸಿಕೊಂಡಿದ್ದಳು, ತನಗಾಗಿ ಬೈಸಿಕೊಂಡದ್ದು ಇದೇ ಮೊದಲು. ಹೂಂ ಮೇಷ್ಟ್ರೇ, ತಪ್ಪಾಯ್ತು ಮೇಷ್ಟ್ರೇ ಎನ್ನುತ್ತಾ ಪೂರ್ತಿ ಕೇಳಿಸಿಕೊಂಡಳು. ಮಂಚ ಮಾತ್ರ ಕೊಡಲಿಲ್ಲ.